ಮೊದಲು ಕೈ, ಆನಂತರ ಮಾತು

(ಶತಮಾನೋತ್ಸವದ ಸಿದ್ಧತೆಗಾಗಿ ನಮ್ಮ ದೇವಾಲಯದಲ್ಲಿ ನಡೆದ ಧ್ಯಾನಕೂಟದಲ್ಲಿ ವಿಚಾರಣಾ ಗುರುಗಳು ನೀಡಿದ ಪ್ರವಚನ)



ನಮ್ಮ ಈ ದೇವಾಲಯಕ್ಕೆ ನೂರು ವರ್ಷಗಳು ತುಂಬುತ್ತಿರುವ ಈ ಶುಭ ಸಂದರ್ಭದಲ್ಲಿ ನಾವೆಲ್ಲರೂ ಒಂದುಗೂಡಿ ದೇವರಿಗೆ ಕೃತಜ್ಞತೆಯನ್ನು ಸಲ್ಲಿಸುತ್ತಿದ್ದೇವೆ. ಕಲ್ಲು ಹೊತ್ತು ಗೋಡೆ ಕಟ್ಟಿದ ಹಿರಿಯರನ್ನೂ, ಇಲ್ಲಿ ಸೇವೆ ಸಲ್ಲಿಸಿ ದೈವಾಧೀನರಾದ ಗುರುಗಳನ್ನೂ, ಕನ್ಯಾಸ್ತ್ರೀಯರನ್ನೂ, ಉಪದೇಶಿಗಳನ್ನೂ ಸ್ಮರಿಸುತ್ತಿದ್ದೇವೆ. ಇದು ನಮ್ಮ ಕರ್ತವ್ಯವೇ ಸರಿ. ಆದರೆ ಈ ನೂರು ವರ್ಷಗಳಲ್ಲಿ ಈ ಹೊಸ್ತಿಲನ್ನು ದಾಟಿ ಒಳಗೆ ಬಂದವರು ಕೇವಲ ಕೃತಜ್ಞತೆಯನ್ನು ಹೊತ್ತು ಬಂದವರಲ್ಲ. ಮಳೆ ಬಾರದ ವರ್ಷದ ಕಳವಳ, ತೀರದ ಸಾಲ, ನಿಶ್ಚಯವಾಗದ ಮಗಳ ಮದುವೆ, ದೂರದೇಶಕ್ಕೆ ದುಡಿಯಲು ಹೋಗಿ ಸುದ್ದಿಯನ್ನೇ ಕಳುಹಿಸದ ಮಗ, ಹಾಸಿಗೆ ಹಿಡಿದ ಹೆಂಡತಿ, ಇವೆಲ್ಲವನ್ನೂ ಮನಸ್ಸಿನಲ್ಲಿ ತುಂಬಿಕೊಂಡು ಬಂದು ಇದೇ ನೆಲದ ಮೇಲೆ ಮೊಣಕಾಲೂರಿದವರು ಅವರು.

1563ರಲ್ಲಿ ಟ್ರೆಂಟ್ ಮಹಾಸಭೆಯು ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ವಿವಾಹದ ದಾಖಲೆ ಪುಸ್ತಕವನ್ನು ಇಡಬೇಕೆಂದು ವಿಧಿಸಿತು. ಜ್ಞಾನಸ್ನಾನದ ಪುಸ್ತಕ, ಮರಣದ ಪುಸ್ತಕಗಳನ್ನೂ ಧರ್ಮಸಭೆಯು ಹಾಗೆಯೇ ಕಾಪಾಡಿಕೊಂಡು ಬಂದಿದೆ. ಯಾವುದೇ ಹಳೆಯ ದೇವಾಲಯದ ಪುಸ್ತಕಗಳನ್ನು ತೆರೆದು ನೋಡಿ. ಒಂದು ಪುಸ್ತಕದಲ್ಲಿ ಒಂದು ಕೂಸಿನ ಹೆಸರು. ಕೆಲವೇ ತಿಂಗಳುಗಳ ಬಳಿಕ ಇನ್ನೊಂದು ಪುಸ್ತಕದಲ್ಲಿ ಅದೇ ಹೆಸರು. ನಡುವಿನ ರಾತ್ರಿಗಳಲ್ಲಿ ಆ ತಾಯಿ ಏನನ್ನು ಯೋಚಿಸಿದಳು, ದೇವರನ್ನು ಏನೆಂದು ಪ್ರಶ್ನಿಸಿದಳು ಎಂಬುದನ್ನು ಬರೆಯಲು ಯಾವ ಪುಸ್ತಕದಲ್ಲಿಯೂ ಅಂಕಣವಿಲ್ಲ. ಆದರೆ ಅದಕ್ಕೆ ಸ್ಥಳವಿರುವ ಒಂದು ಗ್ರಂಥವುಂಟು. ಅದೇ ಪವಿತ್ರ ಬೈಬಲ್. ಈ ಹೊತ್ತು ನಾವು ಆ ಗ್ರಂಥವನ್ನು ಕೈಯಲ್ಲಿ ಹಿಡಿದು, ಚಿಂತೆ ಮತ್ತು ಸಂದೇಹಗಳಿಂದ ಬಳಲುವ ಮನುಷ್ಯನಿಗೆ ದೇವರು ಯಾವ ಸಾಂತ್ವನವನ್ನು ನೀಡುತ್ತಾರೆ, ಯಾವ ಕ್ರಮದಲ್ಲಿ ನೀಡುತ್ತಾರೆ ಎಂಬುದನ್ನು ವಿಚಾರ ಮಾಡೋಣ.

ಚಿತೆಗೂ ಚಿಂತೆಗೂ ನಡುವೆ ಒಂದು ಸೊನ್ನೆಯಷ್ಟೇ ವ್ಯತ್ಯಾಸವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಒಂದು ಸತ್ತವನನ್ನು ಸುಡುತ್ತದೆ, ಇನ್ನೊಂದು ಬದುಕಿರುವವನನ್ನು ಸುಡುತ್ತದೆ. ಸಿರಾಖನ ಗ್ರಂಥವೂ ಚಿಂತೆಯು ಮನುಷ್ಯನಿಗೆ ಅಕಾಲದ ಮುಪ್ಪನ್ನು ತರುತ್ತದೆಂದು ಎಚ್ಚರಿಸುತ್ತದೆ. ಚಿಂತೆಯು ನಾಳೆ ಏನಾಗುವುದೋ ಎಂದು ಕೇಳುತ್ತದೆ. ಅದಕ್ಕೆ ಉತ್ತರ ದೊರಕದೆ ಹೋದಾಗ ಸಂದೇಹವು ತಲೆಯೆತ್ತಿ, ನಮ್ಮ ನಾಳೆಯನ್ನು ನೋಡಿಕೊಳ್ಳುವವರು ನಿಜವಾಗಿಯೂ ಇದ್ದಾರೆಯೇ ಎಂದು ಕೇಳುತ್ತದೆ. ಹೀಗೆ ಚಿಂತೆಯು ತಾಯಿಯಾದರೆ ಸಂದೇಹವು ಮಗಳು. ಇವೆರಡಕ್ಕಿಂತಲೂ ಅಪಾಯಕರವಾದ ಮೂರನೆಯದೊಂದಿದೆ: ಇವನ್ನು ಮುಚ್ಚಿಡುವುದು. ವಿಶ್ವಾಸವುಳ್ಳವನು ಚಿಂತಿಸಬಾರದು, ಸಂದೇಹಪಡಬಾರದು, ಆದುದರಿಂದ ನನ್ನ ಮನಸ್ಸಿನಲ್ಲಿರುವುದನ್ನು ದೇವರಿಗೂ ಗುರುಗಳಿಗೂ ತೋರಿಸಬಾರದು ಎಂದುಕೊಂಡು ಮೆಲ್ಲಮೆಲ್ಲನೆ ದೇವಾಲಯದಿಂದ ದೂರ ಸರಿದವರು ಎಷ್ಟೋ ಮಂದಿ. ನಮ್ಮ ಇಂದಿನ ಮಾತು ವಿಶೇಷವಾಗಿ ಅಂಥವರಿಗಾಗಿ.

ಮೊದಲು ಪ್ರವಾದಿ ಎಲೀಯನನ್ನು ನೋಡೋಣ. ಕಾರ್ಮೆಲ್ ಬೆಟ್ಟದ ಮೇಲೆ ಬಾಳನ ಪೂಜಾರಿಗಳೆದುರು ಒಬ್ಬಂಟಿಯಾಗಿ ನಿಂತು ಜಯಗಳಿಸಿದ ಧೀರನು ಆತ. ಆದರೆ ಮರುದಿನವೇ ರಾಣಿ ಈಜೆಬೆಲಳ ಬೆದರಿಕೆ ಕಿವಿಗೆ ಬೀಳುತ್ತಲೇ ಮರಳುಗಾಡಿಗೆ ಓಡಿಹೋಗಿ, ಒಂದು ಜಾಲಿಯ ಗಿಡದ ಕೆಳಗೆ ಕುಳಿತು, ತನಗೆ ಸಾವನ್ನು ಕೊಡಬೇಕೆಂದು ದೇವರನ್ನು ಬೇಡಿಕೊಂಡನು. ಇಷ್ಟು ದೊಡ್ಡ ವಿಶ್ವಾಸಿ ಇಷ್ಟು ಬೇಗ ಕುಸಿಯಬಹುದೇ? ಕುಸಿಯಬಹುದೆಂದು ಅರಸರ ಮೊದಲನೆಯ ಗ್ರಂಥದ 19ನೆಯ ಅಧ್ಯಾಯವು ಯಾವ ಸಂಕೋಚವೂ ಇಲ್ಲದೆ ಹೇಳುತ್ತದೆ. ದೇವರು ಆಗ ಮಾಡಿದ್ದೇನು? ಗದರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಅವನನ್ನು ಮಲಗಲು ಬಿಟ್ಟರು. ದೂತನನ್ನು ಕಳುಹಿಸಿ, ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ಒಂದು ಹೂಜಿ ನೀರನ್ನೂ ಕೊಡಿಸಿದರು. ಮತ್ತೆ ಮಲಗಿದನು, ಮತ್ತೆ ಎಬ್ಬಿಸಿ ಉಣ್ಣಿಸಿದರು. ನಾಲ್ವತ್ತು ಹಗಲು ನಾಲ್ವತ್ತು ಇರುಳು ನಡೆದು ಹೋರೇಬ್ ಬೆಟ್ಟವನ್ನು ಸೇರಿದ ಮೇಲಷ್ಟೇ ಇಲ್ಲಿ ನಿನಗೇನು ಕೆಲಸವೆಂದು ಕೇಳಿದರು. ಬಿರುಗಾಳಿಯಲ್ಲಾಗಲಿ, ಭೂಕಂಪದಲ್ಲಾಗಲಿ, ಬೆಂಕಿಯಲ್ಲಾಗಲಿ ಅಲ್ಲ, ಮೆಲುದನಿಯಲ್ಲಿ ಮಾತನಾಡಿದರು. ತಾನೊಬ್ಬನೇ ಉಳಿದಿದ್ದೇನೆಂದು ಗೋಳಾಡಿದವನಿಗೆ, ಬಾಳನಿಗೆ ಅಡ್ಡಬೀಳದ 7,000 ಮಂದಿ ಇಸ್ರಯೇಲಿನಲ್ಲಿ ಇದ್ದಾರೆಂದು ತಿಳಿಸಿದರು. ಎಲೀಷನನ್ನು ಜೊತೆಗಾರನನ್ನಾಗಿ ಕೊಟ್ಟರು. ಮೊದಲು ನಿದ್ರೆ ಮತ್ತು ಆಹಾರ, ಆನಂತರ ಮಾತು, ಕೊನೆಗೆ ಸಂಗಾತಿ. ಇದು ದೈವಿಕ ಸಾಂತ್ವನದ ಕ್ರಮ.

ಈ ಕ್ರಮವನ್ನು ಯೇಸುಸ್ವಾಮಿಯಲ್ಲಿಯೂ ಕಾಣುತ್ತೇವೆ. ನೀರಿನ ಮೇಲೆ ನಡೆಯಹೊರಟ ಪೇತ್ರರು ಗಾಳಿಯನ್ನು ಕಂಡು ಹೆದರಿ ಮುಳುಗತೊಡಗಿದಾಗ ಯೇಸುಸ್ವಾಮಿ ತಕ್ಷಣ ಕೈಚಾಚಿ ಹಿಡಿದರು. ಏಕೆ ಸಂದೇಹಪಟ್ಟೆ ಎಂದು ಕೇಳಿದ್ದು ಕೈಹಿಡಿದ ಮೇಲೆ. ಮಾರ್ಕನ ಶುಭಸಂದೇಶದ ಪ್ರಕಾರ, ದೋಣಿಯ ಹಿಂಭಾಗದಲ್ಲಿ ತಲೆದಿಂಬಿಗೆ ಒರಗಿ ನಿದ್ರಿಸುತ್ತಿದ್ದ ಅವರನ್ನು ಶಿಷ್ಯರು ಎಬ್ಬಿಸಿ, ನಾವು ಸಾಯುತ್ತಿರುವುದು ನಿಮಗೆ ಲೆಕ್ಕವಿಲ್ಲವೇ ಎಂಬಂತೆ ದೂರಿದಾಗ, ಅವರು ಮೊದಲು ಗಾಳಿಯನ್ನೂ ಕಡಲನ್ನೂ ಶಾಂತಗೊಳಿಸಿದರು. ಭಯವೇಕೆಂದು ಕೇಳಿದ್ದು ಆಮೇಲೆ. 2020ರ ಮಾರ್ಚ್ 27ರ ಸಂಜೆ, ಮಹಾಮಾರಿಯ ನಡುವೆ ಲೋಕದ ದೇವಾಲಯಗಳು ಮುಚ್ಚಿದ್ದಾಗ, ಅಂದಿನ ಜಗದ್ಗುರು ಪೋಪ್ ಫ್ರಾನ್ಸಿಸ್‌ರವರು ಮಳೆಯಲ್ಲಿ ನೆನೆಯುತ್ತಿದ್ದ ನಿರ್ಜನವಾದ ಸಂತ ಪೇತ್ರರ ಚೌಕದಲ್ಲಿ ನಿಂತು ಧ್ಯಾನಿಸಿದ್ದು ಇದೇ ಘಟನೆಯನ್ನು. ಎಲ್ಲರೂ ಒಂದೇ ದೋಣಿಯಲ್ಲಿದ್ದೇವೆಂಬ ಸತ್ಯವನ್ನು ಅಂದು ಲೋಕವೇ ಅರಿತುಕೊಂಡಿತು.

ಹಾಗಾದರೆ ಚಿಂತಿಸಬೇಡಿರೆಂದು ಪ್ರಭುವು ಅಪ್ಪಣೆ ಮಾಡಿಲ್ಲವೇ ಎಂದು ಯಾರಾದರೂ ಕೇಳಬಹುದು. ಮಾಡಿದ್ದಾರೆ. ಮತ್ತಾಯನ ಶುಭಸಂದೇಶದ 6ನೆಯ ಅಧ್ಯಾಯದಲ್ಲಿ ಆಕಾಶದ ಹಕ್ಕಿಗಳನ್ನೂ ಹೊಲದ ಹೂಗಳನ್ನೂ ತೋರಿಸಿ ಉಪದೇಶಿಸಿದ್ದಾರೆ. ಆದರೆ ಅದೇ ಅಧ್ಯಾಯದಲ್ಲಿ, ಅದಕ್ಕೆ ಮೊದಲು, ಅವರು ನಮಗೆ ಪರಲೋಕ ಮಂತ್ರವನ್ನು ಕಲಿಸಿಕೊಟ್ಟಿದ್ದಾರೆಂಬುದನ್ನು ಮರೆಯಬಾರದು. ಮೊದಲು ದೇವರನ್ನು ತಂದೆಯೆಂದು ಕರೆಯಲು ಕಲಿಸಿ, ಹಸಿವನ್ನು ಬಾಯಿಬಿಟ್ಟು ಹೇಳಲು ಕಲಿಸಿ, ಆಮೇಲೆ ಚಿಂತೆಯನ್ನು ಬಿಡಲು ಹೇಳಿದ್ದಾರೆ. ತಂದೆಯಿದ್ದಾನೆಂದು ತಿಳಿಯದವನಿಗೆ ಚಿಂತಿಸಬೇಡವೆಂಬ ಮಾತು ಹೊರೆಯ ಮೇಲೆ ಇನ್ನೊಂದು ಹೊರೆಯಾದೀತು. ಆ ಪ್ರಾರ್ಥನೆಯಲ್ಲಿ ನಾವು ಬೇಡುವುದು ವರ್ಷದ ದವಸವನ್ನಲ್ಲ, ಈ ದಿನದ ಆಹಾರವನ್ನು. ಮರಳುಗಾಡಿನಲ್ಲಿ ಇಸ್ರಯೇಲರಿಗೆ ಮನ್ನ ದೊರೆತದ್ದೂ ಹೀಗೆಯೇ. ತಲೆಗೆ ಒಂದು ಓಮೆರ್ ಅಳತೆ, ಆಯಾ ದಿನಕ್ಕೆ ಆಯಾ ದಿನದ್ದು. ನಾಳೆಗೆಂದು ಬಚ್ಚಿಟ್ಟದ್ದು ಹುಳುಬಿದ್ದು ನಾರಿತು. ಆದರೆ ಸಬ್ಬತ್ ದಿನಕ್ಕಾಗಿ ಆರನೆಯ ದಿನ ಎರಡರಷ್ಟು ಕೂಡಿಸಲು ದೇವರೇ ಹೇಳಿದರು, ಅದು ಕೆಡಲಿಲ್ಲ. ಎಂದರೆ ಮುನ್ನೆಚ್ಚರಿಕೆ ತಪ್ಪಲ್ಲ. ಬಿತ್ತನೆಯ ಬೀಜವನ್ನು ಎತ್ತಿಡುವ ರೈತನೂ ಮಕ್ಕಳ ಓದಿಗೆ ಹಣ ಕೂಡಿಡುವ ತಂದೆಯೂ ಅವಿಶ್ವಾಸಿಗಳಲ್ಲ. ನಾಳೆಗೆ ಬೇಕಾದ ಕೆಲಸವನ್ನು ಇಂದು ಮಾಡುವುದು ವಿವೇಕ. ನಾಳೆಯ ದುಃಖವನ್ನು ಇಂದೇ ಉಣ್ಣುವುದು ಚಿಂತೆ.

ಮೂಲ ಗ್ರೀಕ್ ಭಾಷೆಯಲ್ಲಿ ಪ್ರಭುವು ಬೆಟ್ಟದ ಮೇಲಿನ ಉಪದೇಶದಲ್ಲಿ ಚಿಂತೆಗೆ ಬಳಸಿದ ಪದದ ಧಾತುವೇ ಬೆಥಾನಿಯದ ಮಾರ್ತಳಿಗೆ ಹೇಳಿದ ಮಾತಿನಲ್ಲಿಯೂ, ಸಂತ ಪೌಲರು ಫಿಲಿಪ್ಪಿಯರಿಗೆ ಬರೆದ ಪತ್ರದಲ್ಲಿಯೂ ಬರುತ್ತದೆ. ಪೌಲರು ಆ ಪತ್ರವನ್ನು ಬರೆದದ್ದು ಸೆರೆಮನೆಯಿಂದ. ಯಾವುದಕ್ಕೂ ಚಿಂತಿಸದೆ ಎಲ್ಲವನ್ನೂ ಕೃತಜ್ಞತೆಯೊಡನೆ ದೇವರಿಗೆ ಅರಿಕೆ ಮಾಡಿಕೊಳ್ಳಿರಿ, ಆಗ ದೇವರ ಶಾಂತಿಯು ನಿಮ್ಮ ಹೃದಯಗಳನ್ನು ಕಾಯುವುದು ಎಂಬುದು ಅವರ ಉಪದೇಶದ ತಾತ್ಪರ್ಯ. ಇಲ್ಲಿ ಕಾಯುವುದಕ್ಕೆ ಅವರು ಬಳಸಿದ್ದು ಸೈನಿಕರ ಕಾವಲನ್ನು ಸೂಚಿಸುವ ಪದ. ಫಿಲಿಪ್ಪಿಯು ರೋಮನ್ ಸೇನೆಯ ನಿವೃತ್ತ ಯೋಧರು ನೆಲೆಸಿದ್ದ ಪಟ್ಟಣವಾದುದರಿಂದ ಅಲ್ಲಿಯವರಿಗೆ ಅದರ ಅರ್ಥವನ್ನು ವಿವರಿಸಬೇಕಾಗಿರಲಿಲ್ಲ. ಕಾವಲುಗಾರನಿದ್ದ ಮಾತ್ರಕ್ಕೆ ಶತ್ರುವು ಇಲ್ಲವಾಗುವುದಿಲ್ಲ; ಶತ್ರುವು ಕೋಟೆಯ ಒಳಗೆ ಬರುವುದಿಲ್ಲ, ಅಷ್ಟೇ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಇದೇ ಪತ್ರದಲ್ಲಿ ಪೌಲರು ತಮ್ಮ ಸಂಗಡಿಗ ಎಪಫ್ರೊದೀತನು ಸಾವಿನ ದವಡೆಗೆ ಹೋಗಿ ಬಂದುದನ್ನು ಹೇಳಿ, ಅವನು ತೀರಿಕೊಂಡಿದ್ದರೆ ತಮಗೆ ದುಃಖದ ಮೇಲೆ ದುಃಖ ಒದಗುತ್ತಿತ್ತೆಂದು ಮರೆಮಾಚದೆ ಬರೆದಿದ್ದಾರೆ. ಚಿಂತೆ ಬೇಡವೆಂದು ಬೋಧಿಸಿದವರ ಹೃದಯ ಕಲ್ಲಾಗಿರಲಿಲ್ಲ. ವಿಶ್ವಾಸವು ನಮ್ಮನ್ನು ದುಃಖವಿಲ್ಲದವರನ್ನಾಗಿ ಮಾಡುವುದಿಲ್ಲ. ದುಃಖದಲ್ಲಿ ಒಬ್ಬಂಟಿಯಾಗಿ ಬಿಡುವುದಿಲ್ಲ.

ಇನ್ನು ಕೀರ್ತನೆಗಳ ಗ್ರಂಥಕ್ಕೆ ಬರೋಣ. ಅದರ 150 ಕೀರ್ತನೆಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಅಳಲಿನ ಪ್ರಾರ್ಥನೆಗಳೇ. 13ನೆಯ ಕೀರ್ತನೆಯು ಇನ್ನೆಷ್ಟು ಕಾಲವೆಂದು ದೇವರನ್ನು ನಾಲ್ಕು ಸಲ ಕೇಳಿ, ಕಡೆಗೆ ನಂಬಿಕೆಯ ಹಾಡಿನಲ್ಲಿ ಮುಗಿಯುತ್ತದೆ. 88ನೆಯ ಕೀರ್ತನೆಯಾದರೋ ಹಾಗೆಯೂ ಮುಗಿಯುವುದಿಲ್ಲ. ಅದು ಕತ್ತಲೆಯಲ್ಲಿ ಆರಂಭವಾಗಿ ಕತ್ತಲೆಯಲ್ಲಿಯೇ ನಿಲ್ಲುತ್ತದೆ. ಇಂಥದ್ದನ್ನು ಧರ್ಮಸಭೆಯು ಮರೆಮಾಡಿತೇ? ಇಲ್ಲ. ಪ್ರತಿ ಶುಕ್ರವಾರ ರಾತ್ರಿ ಮಲಗುವ ಮುನ್ನ ಹೇಳುವ ಪ್ರಾರ್ಥನಾವಿಧಿಯಲ್ಲಿ ಅದನ್ನೇ ಗುರುಗಳ ಮತ್ತು ಕನ್ಯಾಸ್ತ್ರೀಯರ ಬಾಯಲ್ಲಿ ಇಟ್ಟಿದೆ. ನಮ್ಮ ಮನಸ್ಸು ಅಂದು ಹರ್ಷದಿಂದಿದ್ದರೂ, ಲೋಕದಲ್ಲಿ ಎಲ್ಲಿಯೋ ಕತ್ತಲೆಯಲ್ಲಿ ಕುಳಿತು ಪ್ರಾರ್ಥಿಸಲಾರದೆ ಹೋದವರ ಪರವಾಗಿ ನಾವು ಅದನ್ನು ಹೇಳುತ್ತೇವೆ. ಶಿಲುಬೆಯ ಮೇಲೆ ಯೇಸುಸ್ವಾಮಿ ಕೂಗಿಕೊಂಡದ್ದೂ 22ನೆಯ ಕೀರ್ತನೆಯ ಆರಂಭದ ಅಳಲನ್ನೇ. ಕೈಬಿಟ್ಟಂತೆ ತೋರಿದ ಗಳಿಗೆಯಲ್ಲಿಯೂ ಅವರು ದೇವರ ಕುರಿತು ಮಾತನಾಡಲಿಲ್ಲ, ದೇವರೊಡನೆ ಮಾತನಾಡಿದರು. ದೂರು ಕೂಡ ದೇವರ ಮುಂದೆ ಇಟ್ಟಾಗ ಪ್ರಾರ್ಥನೆಯಾಗುತ್ತದೆ.

ಸಂದೇಹದ ವಿಷಯವನ್ನು ಇನ್ನೂ ಬಿಡಿಸಿ ಹೇಳಬೇಕು. ಸ್ನಾನಿಕ ಯೊವಾನ್ನರು ಸೆರೆಮನೆಯಲ್ಲಿದ್ದಾಗ ತಮ್ಮ ಶಿಷ್ಯರನ್ನು ಕಳುಹಿಸಿ, ಬರಬೇಕಾದವರು ನೀವೇ ಹೌದೋ ಅಥವಾ ಬೇರೊಬ್ಬರಿಗಾಗಿ ಕಾಯಬೇಕೋ ಎಂದು ಯೇಸುಸ್ವಾಮಿಯನ್ನು ಕೇಳಿಸಿದರು. ಶಿಷ್ಯರ ಹಿತಕ್ಕಾಗಿಯೇ ಹೀಗೆ ಕೇಳಿಸಿದರೆಂದು ಕೆಲವರು ಸಭಾಪಿತೃಗಳು ಅರ್ಥೈಸಿದ್ದಾರೆ. ಹೇಗೇ ಇರಲಿ, ಪ್ರಭುವು ಆ ಪ್ರಶ್ನೆಗಾಗಿ ಅವರನ್ನು ಖಂಡಿಸಲಿಲ್ಲ. ಕುರುಡರು ನೋಡುತ್ತಿದ್ದಾರೆ, ಕುಂಟರು ನಡೆಯುತ್ತಿದ್ದಾರೆ, ಬಡವರಿಗೆ ಶುಭಸಂದೇಶ ಸಾರಲಾಗುತ್ತಿದೆ ಎಂದು ಕಂಡದ್ದನ್ನು ಹೋಗಿ ತಿಳಿಸಲು ಹೇಳಿದರು. ಆ ಶಿಷ್ಯರು ಹೊರಟ ಮೇಲೆ, ಸ್ತ್ರೀಯರಲ್ಲಿ ಜನಿಸಿದವರಲ್ಲಿ ಯೊವಾನ್ನರಿಗಿಂತ ದೊಡ್ಡವರಿಲ್ಲವೆಂದು ಜನರ ಮುಂದೆ ಹೊಗಳಿದರು. ಪ್ರಶ್ನೆ ಕೇಳಿದ ದಿನವೇ ದೊರೆತ ಪ್ರಶಂಸೆ ಅದು.

ನಮ್ಮ ಭಾರತ ದೇಶಕ್ಕೆ ಶುಭಸಂದೇಶವನ್ನು ತಂದವರೆಂದು ಪರಂಪರೆಯು ಗೌರವಿಸುವ ಸಂತ ತೋಮರ ಕಥೆ ನಿಮಗೆಲ್ಲರಿಗೂ ಗೊತ್ತು. ಗಾಯಗಳನ್ನು ಮುಟ್ಟಿ ನೋಡದ ಹೊರತು ನಂಬಲಾರೆನೆಂದು ಅವರು ಹಟಹಿಡಿದರು. ಆದರೆ ನಾವು ಗಮನಿಸದೆ ಬಿಡುವ ಸಂಗತಿಯೊಂದಿದೆ. ಎಂಟು ದಿನಗಳ ನಂತರ ಪ್ರಭುವು ಮತ್ತೆ ಬಂದಾಗ ತೋಮರು ಇತರ ಪ್ರೇಷಿತರ ಜೊತೆಯಲ್ಲಿಯೇ ಇದ್ದರು. ನಂಬದವನೆಂದು ಅವರನ್ನು ಯಾರೂ ಹೊರಗೆ ಹಾಕಿರಲಿಲ್ಲ; ನಂಬಿಕೆ ಬಂದಿಲ್ಲವೆಂದು ಅವರೂ ಎದ್ದುಹೋಗಿರಲಿಲ್ಲ. ಆ ಎಂಟು ದಿನಗಳನ್ನು ಅವರು ಹೇಗೆ ಕಳೆದರೋ ಶುಭಸಂದೇಶವು ಹೇಳುವುದಿಲ್ಲ. ಅವರು ಆ ಮನೆಯಲ್ಲಿ ಇದ್ದರೆಂಬುದಷ್ಟೇ ಗೊತ್ತು. ಅಷ್ಟೇ ಸಾಕಾಯಿತು. ಪ್ರಭುವು ಬಂದು ಮೊದಲು ಶಾಂತಿಯನ್ನು ಹಾರೈಸಿದರು, ಗಾಯಗಳನ್ನು ತೋರಿಸಿದರು, ಆಮೇಲೆ ಅವಿಶ್ವಾಸಿಯಾಗಿರಬೇಡವೆಂದರು. ಯೇಸುಸ್ವಾಮಿಯನ್ನು ಪ್ರಭುವೆಂದೂ ದೇವರೆಂದೂ ಒಟ್ಟಿಗೆ ಸಂಬೋಧಿಸಿದ ಆ ಮಹತ್ತಾದ ವಿಶ್ವಾಸದ ಮಾತು ಬಂದದ್ದು ತೋಮರ ಬಾಯಿಂದಲೇ.

ಪ್ರೇಷಿತರ ಕಾಲವು ಮುಗಿದ ಮೇಲೂ ಈ ಪರೀಕ್ಷೆ ಮುಗಿಯಲಿಲ್ಲ. ಫ್ರಾನ್ಸ್ ದೇಶದ ಲಿಸ್ಯೂವಿನ ಸಂತ ತೆರೇಸಮ್ಮನವರು 1896ರ ಪಾಸ್ಖ ಹಬ್ಬದ ದಿನಗಳಿಂದ ಮೊದಲ್ಗೊಂಡು 1897ರ ಸೆಪ್ಟೆಂಬರ್ 30ರಂದು, ತಮ್ಮ 24ನೆಯ ವಯಸ್ಸಿನಲ್ಲಿ ಕ್ಷಯರೋಗದಿಂದ ಮಡಿಯುವವರೆಗೂ, ಸ್ವರ್ಗವೆಂಬುದೇ ಇಲ್ಲವೇನೋ ಎಂಬ ಘೋರವಾದ ಸಂದೇಹದ ಕತ್ತಲೆಯಲ್ಲಿ ನಡೆದರು. ಆಗ ಅವರು ವಿಶ್ವಾಸ ಸಂಗ್ರಹವನ್ನು ತಮ್ಮ ರಕ್ತದಿಂದ ಬರೆದು ಎದೆಯ ಬಳಿ ಇಟ್ಟುಕೊಂಡಿದ್ದರು. ಮನಸ್ಸು ಹೇಳಲಾರದ್ದನ್ನು ಎದೆಯ ಮೇಲಿನ ಕಾಗದವು ಹೇಳುತ್ತಿತ್ತು. ಅಂಥವರನ್ನು ಧರ್ಮಸಭೆಯು 1997ರಲ್ಲಿ ತನ್ನ ಆಚಾರ್ಯರ ಸಾಲಿಗೆ ಸೇರಿಸಿತು. ಅವರ ಹೆಸರನ್ನೇ ಇಟ್ಟುಕೊಂಡ ಕಲ್ಕತ್ತೆಯ ಮದರ್ ತೆರೇಸಾರವರೂ ಹಲವು ದಶಕಗಳ ಕಾಲ ಅಂತರಂಗದ ಇಂಥದೇ ಕತ್ತಲೆಯನ್ನು ಸಹಿಸಿದರೆಂಬುದು 2007ರಲ್ಲಿ ಪ್ರಕಟವಾದ ಅವರ ಪತ್ರಗಳಿಂದ ಲೋಕಕ್ಕೆ ತಿಳಿಯಿತು. ಆ ಕತ್ತಲೆಯಲ್ಲಿಯೂ ಅವರು ಮುಂಜಾನೆ ಎದ್ದು ಪ್ರಾರ್ಥಿಸುವುದನ್ನು ಬಿಡಲಿಲ್ಲ, ಬೀದಿಯಲ್ಲಿ ಬಿದ್ದವರನ್ನು ಎತ್ತುವುದನ್ನು ಬಿಡಲಿಲ್ಲ. 2016ರಲ್ಲಿ ಅವರು ಸಂತರೆಂದು ಘೋಷಿತರಾದರು. ನಮ್ಮ ನಾಡಿನಲ್ಲಿಯೇ, 1784ರಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಸಾಗಿಸಲ್ಪಟ್ಟ ಕೆನರಾ ಪ್ರಾಂತದ ಕ್ರೈಸ್ತರು 15 ವರ್ಷಗಳನ್ನು ನಾಳೆಯ ಭರವಸೆಯಿಲ್ಲದೆ ಕಳೆದರು. ಬದುಕುಳಿದು 1799ರಲ್ಲಿ ಬಿಡುಗಡೆ ಹೊಂದಿ ಮರಳಿದವರು ಮೊದಲಿಗೆ ಕೈಹಾಕಿದ ಕೆಲಸಗಳಲ್ಲಿ ಒಂದು, ನೆಲಸಮವಾಗಿದ್ದ ದೇವಾಲಯಗಳನ್ನು ಮತ್ತೆ ಎತ್ತಿ ನಿಲ್ಲಿಸುವುದು. ಅವರಿಗೆ ಸಂದೇಹವೇ ಬರಲಿಲ್ಲವೆಂದು ಯಾರು ಹೇಳಬಲ್ಲರು? ಸಂದೇಹದ ಜೊತೆಯಲ್ಲಿಯೂ ಕಲ್ಲು ಹೊರಬಹುದು.

ಈಗ ಒಂದು ಕಠಿಣವಾದ ಪ್ರಶ್ನೆ. ಮಗುವನ್ನು ಮಣ್ಣಿಗಿಟ್ಟು ಬಂದ ತಾಯಿಯೊಬ್ಬಳು ಭಾನುವಾರದ ಪೂಜೆಯಲ್ಲಿ ಎಲ್ಲರೊಡನೆ ಎದ್ದು ನಿಂತು, ದೇವರನ್ನು ವಿಶ್ವಾಸಿಸುತ್ತೇನೆಂಬ ಮಾತು ಬಾಯಿಗೆ ಬಾರದೆ ತುಟಿಮುಚ್ಚಿಕೊಂಡರೆ, ಆಕೆ ಇಲ್ಲಿಗೆ ಬರಬಹುದೇ? ಬರಬೇಕು. ಕಫೆರ್ನವುಮಿನಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತುತಂದು, ಮಾಳಿಗೆಯನ್ನು ತೆಗೆದು ಯೇಸುಸ್ವಾಮಿಯ ಮುಂದೆ ಇಳಿಸಿದ ಸಂಗತಿಯನ್ನು ನೆನೆಯಿರಿ. ಪ್ರಭುವು ಕಂಡದ್ದು ಅವರ ವಿಶ್ವಾಸವನ್ನು, ಎಂದರೆ ಹೊತ್ತುತಂದವರ ವಿಶ್ವಾಸವನ್ನೂ. ಮಲಗಿದ್ದವನು ಒಂದು ಮಾತನ್ನಾದರೂ ಆಡಿದನೆಂದು ಅಲ್ಲಿ ಬರೆದಿಲ್ಲ. ಆ ತಾಯಿಯ ಬಾಯಿಗೆ ಮಾತು ಮರಳುವವರೆಗೂ ಅಕ್ಕಪಕ್ಕದಲ್ಲಿ ನಿಂತವರು ಆಕೆಯ ಪರವಾಗಿ ವಿಶ್ವಾಸ ಸಂಗ್ರಹವನ್ನು ಹೇಳುತ್ತಿರುತ್ತಾರೆ. ಧರ್ಮಕೇಂದ್ರವೆಂಬುದು ಇರುವುದೇ ಇದಕ್ಕಾಗಿ.

ಬಲಿಪೂಜೆಯ ಕ್ರಮವನ್ನು ಗಮನವಿಟ್ಟು ನೋಡಿದರೆ ಇಡೀ ಪಾಠವು ಅಲ್ಲಿಯೇ ಇದೆ. ಪರಲೋಕ ಮಂತ್ರದಲ್ಲಿ ಅಂದಂದಿನ ಆಹಾರವನ್ನು ಬೇಡುತ್ತೇವೆ. ಅದು ಮುಗಿಯುತ್ತಲೇ ಗುರುಗಳು, ಎಲ್ಲ ಕೇಡಿನಿಂದಲೂ ಎಲ್ಲ ಕಳವಳದಿಂದಲೂ ನಮ್ಮನ್ನು ಕಾಪಾಡಬೇಕೆಂದು ಪ್ರಾರ್ಥಿಸುತ್ತಾರೆ. ನಿಮ್ಮ ಕಳವಳವನ್ನು ಧರ್ಮಸಭೆಯು ಪ್ರತಿ ಪೂಜೆಯಲ್ಲಿಯೂ ಬಾಯಿಬಿಟ್ಟು ಹೇಳುತ್ತದೆ, ಮುಚ್ಚಿಡುವುದಿಲ್ಲ. ಅದರ ಬೆನ್ನಿಗೇ, ನಮ್ಮ ಪಾಪಗಳನ್ನು ಎಣಿಸದೆ ಧರ್ಮಸಭೆಯ ವಿಶ್ವಾಸವನ್ನು ನೋಡಿ ಶಾಂತಿಯನ್ನು ದಯಪಾಲಿಸಬೇಕೆಂದು ಪ್ರಭುವನ್ನು ಕೇಳಿಕೊಳ್ಳುತ್ತೇವೆ. ನಮ್ಮೊಬ್ಬೊಬ್ಬರ ಬಡಕಲು ವಿಶ್ವಾಸವನ್ನಲ್ಲ, ಧರ್ಮಸಭೆಯ ವಿಶ್ವಾಸವನ್ನು ಮುಂದಿಟ್ಟು ಕೇಳುತ್ತೇವೆ. ಆಮೇಲೆ ಒಬ್ಬರಿಗೊಬ್ಬರು ಶಾಂತಿಯನ್ನು ಹಾರೈಸಿ, ಕಡೆಗೆ ಪರಮಪ್ರಸಾದವನ್ನು ಸ್ವೀಕರಿಸುತ್ತೇವೆ. ಜಾಲಿಯ ಗಿಡದ ಕೆಳಗೆ ಎಲೀಯನಿಗೆ ಸಿಕ್ಕಿದ ರೊಟ್ಟಿಯು ಈ ರೊಟ್ಟಿಯ ಮುನ್ಸೂಚನೆಯೆಂದು ಪರಂಪರೆಯು ತಿಳಿದುಕೊಂಡಿದೆ. ದೂರದ ಪಯಣಕ್ಕೆ ಇದೇ ಬುತ್ತಿ.

ಪ್ರಿಯರೇ, ಕೇಳಿ ಮರೆತುಬಿಡುವಂತಾಗಬಾರದೆಂದು ನಾಲ್ಕು ಮಾತುಗಳನ್ನು ಹೇಳಿ ಮುಗಿಸುತ್ತೇವೆ. ಒಂದನೆಯದು, ರಾತ್ರಿ ಮಲಗುವ ಮುನ್ನ ನಿಮ್ಮ ಚಿಂತೆಯನ್ನು ಹೆಸರು ಹಿಡಿದು ದೇವರಿಗೆ ಹೇಳಿರಿ. ಇಂಥವರ ಸಾಲ, ಇಂಥ ಪರೀಕ್ಷೆ, ಇಂಥ ರೋಗವೆಂದು ಬಿಡಿಸಿ ಹೇಳಿರಿ. ಅಂದು ದೊರೆತ ಒಂದು ಉಪಕಾರವನ್ನೂ ಜೊತೆಗೆ ಹೇಳಿರಿ. ಎರಡನೆಯದು, ನಿದ್ರೆ ಬಾರದೆ, ಊಟ ಸೇರದೆ, ಬದುಕೇ ಬೇಡವೆಂಬ ಯೋಚನೆ ಕಾಡತೊಡಗಿದರೆ ಅದನ್ನು ಪಾಪವೆಂದು ಬಚ್ಚಿಡಬೇಡಿರಿ. ಮನೆಯವರಿಗೆ ತಿಳಿಸಿ ವೈದ್ಯರ ಬಳಿಗೆ ಹೋಗಿರಿ. ವೈದ್ಯನನ್ನೂ ಮದ್ದನ್ನೂ ಸೃಷ್ಟಿಸಿದವರು ದೇವರೇ ಎಂದು ಸಿರಾಖನ ಗ್ರಂಥದ 38ನೆಯ ಅಧ್ಯಾಯವು ಸ್ಪಷ್ಟಪಡಿಸಿದೆ. ಎಲೀಯನಿಗೂ ಮೊದಲು ಬೇಕಾದದ್ದು ದೇಹದ ಆರೈಕೆಯೇ. ಮೂರನೆಯದು, ಸಂದೇಹ ಬಂದರೆ ತೋಮರಂತೆ ಎಂಟು ದಿನ ಕಾಯಿರಿ, ಬೇಕಾದರೆ ಎಂಟು ವರ್ಷ ಕಾಯಿರಿ, ಆದರೆ ಮನೆಯೊಳಗೆ ಇದ್ದು ಕಾಯಿರಿ. ನಾಲ್ಕನೆಯದು ನಮ್ಮೆಲ್ಲರಿಗೂ ಸೇರಿದ್ದು. ಚಿಂತೆಯಲ್ಲಿರುವವರ ಮನೆಗೆ ಹೋದಾಗ ಬುದ್ಧಿವಾದವನ್ನು ಹೊತ್ತುಕೊಂಡು ಹೋಗದೆ, ಒಂದು ಪಾತ್ರೆ ಗಂಜಿಯನ್ನು ತೆಗೆದುಕೊಂಡು ಹೋಗೋಣ. ಯೋಬನ ಗೆಳೆಯರು ಏಳು ದಿನ ಸುಮ್ಮನೆ ಅವನ ಪಕ್ಕದಲ್ಲಿ ಕುಳಿತಿದ್ದಷ್ಟು ಕಾಲ ಒಳ್ಳೆಯ ಗೆಳೆಯರಾಗಿದ್ದರು. ಬಾಯಿ ತೆರೆದ ಮೇಲೆ ಕೆಟ್ಟರು. ದೇವರೇ ಮೊದಲು ಕೈಚಾಚಿ ಆಮೇಲೆ ಮಾತನಾಡುವವರಾಗಿರುವಾಗ, ನಮಗೆ ಅವಸರವೇಕೆ?

ನೂರು ವರ್ಷಗಳ ಹಿಂದೆ ಈ ದೇವಾಲಯಕ್ಕೆ ಅಸ್ತಿವಾರ ಹಾಕಿದವರಿಗೆ ಅದು ಮುಗಿಯುವುದೋ ಇಲ್ಲವೋ, ಮೊಮ್ಮಕ್ಕಳು ಇಲ್ಲಿ ಬಂದು ಪ್ರಾರ್ಥಿಸುವರೋ ಇಲ್ಲವೋ ತಿಳಿದಿರಲಿಲ್ಲ. ಅವರು ಆಯಾ ದಿನದ ಕಲ್ಲನ್ನು ಆಯಾ ದಿನ ಇಟ್ಟರು. ಇನ್ನು ಮುಂದಿನ ನೂರು ವರ್ಷಗಳಲ್ಲಿ ಈ ಊರಿನಲ್ಲಿ ಯಾರ ಮನೆಯಲ್ಲಿ ಕತ್ತಲೆ ಕವಿದರೂ, ಅವರ ಬಾಗಿಲನ್ನು ತಟ್ಟಲು ಈ ಧರ್ಮಕೇಂದ್ರದಿಂದ ಒಬ್ಬರಾದರೂ ಹೊರಡುವಂತಾಗಲಿ. ಶಿಲುಬೆಯ ಬುಡದಲ್ಲಿ ಮಾತಿಲ್ಲದೆ ನಿಂತ ಮಾತೆ ಮರಿಯಮ್ಮನವರು ನಮಗಾಗಿ ಪ್ರಾರ್ಥಿಸಲಿ. ಎಲ್ಲ ಸಾಂತ್ವನಕ್ಕೂ ಮೂಲವಾದ ದೇವರು ನಿಮ್ಮ ಮನೆಗಳನ್ನೂ ಮನಸ್ಸುಗಳನ್ನೂ ತಮ್ಮ ಶಾಂತಿಯಿಂದ ಕಾಯಲಿ. ಆಮೆನ್.